ಅಂಗೈಯಗಲ ಹೆರೆದ ಚಿತ್ರ

"ಬ್ಲೇಡಿನ ಕೆಲಸ ಅಲ್ಲ ಇದು," ಎಂದಳು ಇನ್ಸ್‌ಪೆಕ್ಟರ್.

ಪ್ರದರ್ಶನದ ಸಭಾಂಗಣದಲ್ಲಿ, ಚಿತ್ರದ ಮುಂದೆ ಮಂಡಿಯೂರಿ ಕೂತು ಆಗಲೇ ಹತ್ತು ನಿಮಿಷವಾಗಿತ್ತು. ಏಳುವುದು ಹೇಗೆ ಎಂಬ ಚಿಂತೆ ಬೇರೆ. ಐವತ್ತೊಂಬತ್ತು ವರ್ಷದ ಮಂಡಿ. ಕೂರು ಎಂದರೆ ಹೂಂ ಅನ್ನುತ್ತದೆ, ಏಳು ಎಂದರೆ ಮುನಿಸಿಕೊಳ್ಳುತ್ತದೆ.

"ಮತ್ತೆ?" ಎಂದಳು ಚಿತ್ರಗಾರ್ತಿ.

"ಹಲ್ಲಿರೋ ಚಾಕು. ನೋಡಿ, ಬಾಚಣಿಗೆ ಎಳೆದ ಹಾಗೆ ಗೀರುಗಳು ಸಾಲಾಗಿ ಬಂದಿವೆ. ಎಲ್ಲಾ ಒಂದೇ ದಿಕ್ಕಿಗೆ. ಸಿಟ್ಟಿನಲ್ಲಿ ಹೆರೆಯೋರು ಹೀಗೆ ಹೆರೆಯಲ್ಲ, ಅಡ್ಡಾದಿಡ್ಡಿ ಗೀಚ್ತಾರೆ. ಇವರು ನಿಧಾನವಾಗಿ, ಪಾತ್ರೆ ತಳ ಉಜ್ಜಿದ ಹಾಗೆ ಉಜ್ಜಿದ್ದಾರೆ."

ಚಿತ್ರದ ಕೆಳಗೆ ಅಂಟಿಸಿದ ಚೀಟಿಯಲ್ಲಿ 'ಹಿತ್ತಿಲು, ಬೆಳಗ್ಗೆ' ಎಂದಿತ್ತು. ಒಂದು ಒಗೆಯುವ ಕಲ್ಲು. ನೀಲಿ ಬಕೆಟ್ಟು, ಅದರಲ್ಲಿ ತೇಲುವ ಚೊಂಬು. ತಂತಿಯ ಮೇಲೆ ಎರಡು ಟವೆಲ್ಲು. ಮೆಟ್ಟಿಲ ಮೇಲಿನ ಲೋಟದಲ್ಲಿ ಹಲ್ಲುಜ್ಜುವ ಮೂರು ಬ್ರಷ್ಷು. ಕೈ ಚಾಚಿದರೆ ಬಕೆಟ್ಟಿನ ನೀರು ತಣ್ಣಗೆ ತಾಕೀತು ಎನ್ನುವಂತಿತ್ತು. ಎಡಗಡೆ, ಕೆಳಮೂಲೆಯಲ್ಲಿ ಮಾತ್ರ ಅಂಗೈಯಗಲ ಬಣ್ಣವೇ ಇರಲಿಲ್ಲ. ಬರಿಯ ಕ್ಯಾನ್ವಾಸಿನ ನೂಲು.

"ಇಲ್ಲೇನಿತ್ತು?"

"ಅದೇ ನೆನಪಾಗ್ತಿಲ್ಲ ಮೇಡಂ."

"ನೀವೇ ಬರೆದ ಚಿತ್ರ ಅಲ್ಲವೇನಮ್ಮಾ?"

"ನಾನೇ. ಆದ್ರೆ ಯೋಚನೆ ಮಾಡ್ಕೊಂಡು ಬರೆಯಲ್ಲ. ಚಿಕ್ಕಂದಿನಲ್ಲಿ ಕಂಡದ್ದನ್ನ ಕೈ ಹೋದ ಕಡೆ ಇಡ್ತಾ ಹೋಗ್ತೀನಿ." ಆಕೆ ಉಗುರಿನ ಸಂದಿಯ ಬಣ್ಣವನ್ನು ಕೆರೆಯುತ್ತಿದ್ದಳು. "ಆ ಮೂಲೇಲಿ ಏನೋ ಕಪ್ಪಗಿತ್ತು. ಮೇಲೆ ಅರ್ಧ ಬಟ್ಟೆ ಹೊದಿಸಿತ್ತು. ಬರೆದು ಮುಗಿಸಿದ ಮೇಲೆ ಆ ಕಡೆ ನೋಡೋಕೇ ಮನಸ್ಸು ಬರ್ತಿರ್ಲಿಲ್ಲ. ಯಾಕೋ ಗೊತ್ತಿಲ್ಲ."

ಚಿತ್ರಗಾರ್ತಿ ಬೆಳೆದ, ನಲವತ್ತು ಮನೆಗಳ ಬಡಾವಣೆಯಿಂದ, ಮನೆಯಲ್ಲೇ ಬಟ್ಟೆ ಹೊಲಿದುಕೊಡುತ್ತಿದ್ದ 'ಹೊಲಿಗೆ ಅಕ್ಕ' ಕಾಣೆಯಾಗಿ ಮೂವತ್ತೆರಡು ವರ್ಷ. ಅವಳ ತಂಗಿ ಈ ಚಿತ್ರಗಳಲ್ಲೊಂದನ್ನು ಪತ್ರಿಕೆಯಲ್ಲಿ ಕಂಡು ಮತ್ತೆ ಅರ್ಜಿ ಹಾಕಿ ಆರು ದಿನ.

ಈ ಕೇಸು ಇನ್ಸ್‌ಪೆಕ್ಟರಿಗೆ ಹೊಸದಲ್ಲ. ಅಂದು ಆಕೆ ಕೆಲಸಕ್ಕೆ ಸೇರಿ ಎಂಟು ತಿಂಗಳಾಗಿದ್ದ ಪೇದೆ. ಕಡತದ ಕೊನೆಯ ಸಾಲು ಆಕೆಯದೇ ಕೈಬರಹ: 'ಸದರಿ ಮಹಿಳೆ ತನ್ನ ಹೊಲಿಗೆ ಯಂತ್ರವನ್ನೂ ಒಯ್ದಿರುವುದರಿಂದ ಸ್ವಇಚ್ಛೆಯಿಂದ ಮನೆ ಬಿಟ್ಟಿರುವುದು ಖಚಿತ.' ಮೇಲಿನವರು ಹೇಳಿದರು, ಆಕೆ ಬರೆದಳು. ನಿವೃತ್ತಿಗೆ ಎಂಟು ತಿಂಗಳು ಉಳಿದಿರುವಾಗ ಆ 'ಖಚಿತ' ಎಂಬ ಪದ ಗಂಟಲಿಗೆ ಸಿಕ್ಕಿಕೊಂಡ ಮುಳ್ಳಿನಂತೆ ಚುಚ್ಚುತ್ತಿತ್ತು.

ಗೋಡೆ ಹಿಡಿದು ಎದ್ದಳು. ಎದುರು ಗೋಡೆಗೆ ತೂಗುಹಾಕಿದ್ದು ಪತ್ರಿಕೆಯಲ್ಲಿ ಅಚ್ಚಾದ ಚಿತ್ರ: ಹೊಲಿಗೆ ಅಕ್ಕನ ಮನೆಯ ಮುಂಭಾಗ. ಕಿಟಕಿಯ ಸರಳಿನ ನಡುವಿನಿಂದ ಒಂದು ಕೈ ಮಡಿಸಿದ ಅಂಗಿಯೊಂದನ್ನು ಹೊರಗೆ ಚಾಚಿದೆ. ಒಳಗೆ ದೀಪ ಉರಿಯುತ್ತಿದೆ. ಬಾಗಿಲಿಗೆ ಮಾತ್ರ ಹೊರಗಿನಿಂದ ಹಿತ್ತಾಳೆ ಬೀಗ.

"ಒಳಗೆ ಜನ, ಹೊರಗೆ ಬೀಗ. ಇದ್ಯಾಕೆ ಹೀಗೆ?"

"ಪತ್ರಿಕೆಯವರೂ ಅದನ್ನೇ ಕೇಳಿದ್ರು. ಎರಡು ಬೇರೆ ಬೇರೆ ದಿನ ನನ್ನ ತಲೇಲಿ ಒಂದಕ್ಕೊಂದು ಅಂಟ್ಕೊಂಡಿರಬೇಕು ಮೇಡಂ. ಒಂಬತ್ತು ವರ್ಷದ ಮಗು ಕಣ್ಣಲ್ವಾ."

ಇನ್ಸ್‌ಪೆಕ್ಟರ್ ತಲೆಯಾಡಿಸಿ ಮುಂದೆ ಹೋದಳು. ಆ ಬೆಳಗ್ಗೆ ಆಕೆ ಮಾಡಿದ ಮೊದಲ ತಪ್ಪು ಅದು.

ಸಭಾಂಗಣದ ಕಾವಲುಗಾರ ಸಂದರ್ಶಕರ ಪುಸ್ತಕ ಹಿಡಿದು ಬಂದ. ನಿನ್ನೆ ಮಧ್ಯಾಹ್ನ ಕಾಲು ಗಂಟೆ ಕರೆಂಟು ಹೋಗಿತ್ತು. ಕಿಟಕಿಗಳಿಲ್ಲದ ಕೋಣೆ, ಹಗಲಲ್ಲೂ ಕತ್ತಲೆ. ಆ ಹೊತ್ತಿನಲ್ಲಿ ಒಳಗಿದ್ದವರು ಮೂವರೇ: ಸಡಿಲಾದ ಮೊಳೆ ಬಿಗಿಮಾಡಲು ಬಂದ ಫ್ರೇಮಿನಂಗಡಿಯಾತ, ಮಗಳಿಗೆ ಊಟದ ಡಬ್ಬಿ ತಂದಿದ್ದ ಚಿತ್ರಗಾರ್ತಿಯ ತಾಯಿ, ಮತ್ತೆ ಲಿಫ್ಟ್ ಅಂಕಲ್. ಹೊಲಿಗೆ ಅಕ್ಕನ ಗಂಡ. ಲಿಫ್ಟ್ ರಿಪೇರಿಯ ಕೆಲಸದಿಂದ ನಿವೃತ್ತರಾದವರು, ಪ್ರದರ್ಶನ ಶುರುವಾದಾಗಿನಿಂದ ದಿನವೂ ಬಂದು ತಮ್ಮ ಮನೆಯ ಚಿತ್ರದೆದುರು ಕುರ್ಚಿ ಹಾಕಿಕೊಂಡು ಕೂರುತ್ತಾರೆ.

"ಆಮೇಲೆ ನೆಲ ಗುಡಿಸಿದ್ಯಾ?"

"ಇಲ್ಲ ಮೇಡಂ. ಯಾರೂ ಏನೂ ಮುಟ್ಟಬಾರ್ದು ಅಂತ ಇವರು ಹೇಳಿದ್ರಲ್ಲ," ಎಂದು ಚಿತ್ರಗಾರ್ತಿಯತ್ತ ಕೈ ತೋರಿದ.

ನೆಲದ ಮೇಲೆ ಬಣ್ಣದ ಒಂದು ಚೂರೂ ಇರಲಿಲ್ಲ. ಕತ್ತಲೆಯಲ್ಲಿ, ಕಾಲು ಗಂಟೆಯಲ್ಲಿ, ಯಾರೋ ಹೆರೆದು, ಹೆರೆದದ್ದನ್ನು ಬಳಿದು ಎತ್ತಿಕೊಂಡು ಹೋಗಿದ್ದರು.

*

ಫ್ರೇಮಿನಂಗಡಿಯಾತ ಇನ್ಸ್‌ಪೆಕ್ಟರನ್ನು ಕಂಡೊಡನೆ ಎರಡೂ ಕೈ ಮೇಲೆತ್ತಿದ. ಒಂದರಲ್ಲಿ ಸುತ್ತಿಗೆ, ಇನ್ನೊಂದರಲ್ಲಿ ಗಾಜಿನ ತುಂಡು.

"ನಾನಲ್ಲ ತಾಯಿ! ಮೊಳೆ ಹೊಡೆಯೋನು ನಾನು, ಚಿತ್ರ ಕೆರೆಯೋನಲ್ಲ."

"ನೀನು ಅಂತ ಯಾರಂದ್ರು? ಕೈ ಇಳಿಸು, ಗಾಜು ಕೊಯ್ದೀತು. ಹಿತ್ತಿಲಿನ ಚಿತ್ರ ನಿನಗೆ ನೆನಪಿದ್ಯಾ?"

"ನೆನಪ್ಯಾಕೆ, ಫೋಟೋನೇ ಇದೆ." ಫೋನು ಹುಡುಕಲು ಮರದ ಹೊಟ್ಟಿನ ರಾಶಿಯಲ್ಲಿ ಕೈಯಾಡಿಸಿದ. "ಫ್ರೇಮ್ ಹಾಕೋಕೆ ಮುಂಚೆ ಒಂದೊಂದಕ್ಕೂ ಫೋಟೋ ತೆಗೀತೀನಿ. ಆಮೇಲೆ 'ಇಲ್ಲಿ ಗೀಚು ಬಿತ್ತು, ಅಲ್ಲಿ ಕಲೆ ಆಯ್ತು' ಅಂತ ಜಗಳಕ್ಕೆ ಬರ್ತಾರಲ್ಲ, ಅದಕ್ಕೆ. ತಗೊಳ್ಳಿ."

ಇನ್ಸ್‌ಪೆಕ್ಟರ್ ಕನ್ನಡಕ ಏರಿಸಿ ಫೋಟೋವನ್ನು ಬೆರಳಿನಿಂದ ಹಿಗ್ಗಿಸಿದಳು.

ಹಾಸಿಗೆ ಮೇಲುಹೊದಿಕೆಯೊಂದು ಅರ್ಧ ಜಾರಿದೆ. ಅದರಡಿ ಕಬ್ಬಿಣದ ಕಾಲುಗಳು, ತುಳಿಯುವ ಪಟ್ಟಿ, ಕಪ್ಪು ಕತ್ತು. ಹೊಲಿಗೆ ಯಂತ್ರ. ಹಿತ್ತಿಲಿನಲ್ಲಿ, ಬಯಲಲ್ಲಿ, ಒಗೆಯುವ ಕಲ್ಲಿನ ಪಕ್ಕ.

ಮೇಜಿನ ಎಡಗಡೆ ಡ್ರಾಯರ್ ಇರಬೇಕಾದ ಜಾಗದಲ್ಲಿ ಒಂದು ಬಿಸ್ಕತ್ತಿನ ತಗಡಿನ ಡಬ್ಬವನ್ನು ತಂತಿಯಿಂದ ಬಿಗಿದಿತ್ತು.

ಆ ಡಬ್ಬದ ವಿಷಯ ಎಲ್ಲೋ ಓದಿದ್ದಳು. ಓದಿದ್ದಲ್ಲ, ಬರೆದಿದ್ದಳು.

*

ಲಿಫ್ಟ್ ಅಂಕಲ್ ತಮ್ಮ ಕುರ್ಚಿಯಲ್ಲೇ ಇದ್ದರು. ಇಸ್ತ್ರಿ ಮಾಡಿದ ಅಂಗಿ, ಎದೆಯ ಜೇಬಿನಲ್ಲಿ ಸಣ್ಣ ಟಾರ್ಚು, ಮೊಣಕಾಲಿನ ಮೇಲೆ ನೀಟಾಗಿ ಇಟ್ಟ ಎರಡು ಕೈ. ಚಿತ್ರಗಾರ್ತಿ ಅವರಿಗೆ ನೀರಿನ ಬಾಟಲಿ ತಂದುಕೊಟ್ಟು ಭುಜ ನೇವರಿಸಿ ಹೋದಳು. ಚಿಕ್ಕಂದಿನಿಂದ ಆಕೆಗೆ ಅವರೆಂದರೆ ಕನಿಕರ. ಹೆಂಡತಿ ಬಿಟ್ಟು ಹೋದ, ಮತ್ತೆ ಮದುವೆಯಾಗದ, ಮಕ್ಕಳಿಗೆ ಪೆಪ್ಪರಮಿಂಟು ಹಂಚುತ್ತಿದ್ದ ಅಂಕಲ್.

"ಅವತ್ತು ನಾನು ಡ್ಯೂಟಿಲಿದ್ದೆ," ಎಂದರು ಮೆಲ್ಲಗೆ. "ಬಂದು ನೋಡ್ತೀನಿ, ಅವಳೂ ಇಲ್ಲ, ಮೆಷೀನೂ ಇಲ್ಲ. ಒಂದು ಮಾತು ಹೇಳ್ಲಾ ಮೇಡಂ? ಮೂವತ್ತೆರಡು ವರ್ಷದಿಂದ ಆ ಮೆಷೀನ್ ಮೇಲೆ ಹೊಟ್ಟೆಕಿಚ್ಚು ಪಡ್ತಿದ್ದೀನಿ. ನನ್ನ ಬಿಟ್ಟೋಳು ಅದನ್ನ ಬಿಡಲಿಲ್ಲ ನೋಡಿ."

ಇನ್ಸ್‌ಪೆಕ್ಟರಿನ ಕಣ್ಣು ಒದ್ದೆಯಾಯಿತು. ಫ್ರೇಮಿನಂಗಡಿಯಾತನಿಂದ ತನ್ನ ಫೋನಿಗೆ ಹಾಕಿಸಿಕೊಂಡಿದ್ದ ಫೋಟೋವನ್ನು ಅವರ ಮುಂದೆ ಹಿಡಿದಳು.

"ಇದು ನಿಮ್ಮ ಹಿತ್ತಿಲಾ?"

ಅವರು ಬಹಳ ಹೊತ್ತು ನೋಡಿದರು. ಹೆಬ್ಬೆರಳು ಪರದೆಯ ಮೇಲೆ ಸರಿದು ಬಿಸ್ಕತ್ತಿನ ಡಬ್ಬದ ಮೇಲೆ ನಿಂತಿತು.

"ನಮ್ಮದಲ್ಲ. ಆ ಮನೆಗಳು ಜೋಡಿ ಜೋಡಿ, ಒಂದೇ ಗೋಡೆ. ನಮ್ಮನೇಲಿ ಬಲಕ್ಕಿರೋದು ಪಕ್ಕದ್ಮನೇಲಿ ಎಡಕ್ಕೆ. ನಮ್ಮ ಒಗೆಯೋ ಕಲ್ಲು ಬಲಗಡೆ ಇತ್ತು." ಕತ್ತೆತ್ತಿದರು. "ಇದು ಇವಳ ಮನೆದು. ಚಿತ್ರ ಬರೆದೋಳ ಮನೆ."

"ಅಂದ್ರೆ ನಿಮ್ಮ ಹೆಂಡತಿ ಹೋದ ಮೇಲೂ ಮೆಷೀನು ಪಕ್ಕದ ಮನೇಲಿತ್ತು?"

"ಹಾಗಿದ್ರೆ," ಎಂದರು ಅವರು. ತುಟಿಯ ತುದಿಯಲ್ಲಿ ಏನೋ ಮೂಡಿ ಮಾಯವಾಯಿತು. ಇನ್ಸ್‌ಪೆಕ್ಟರ್ ಅದನ್ನು ಅಳು ಎಂದುಕೊಂಡಳು. "ಹಾಗಿದ್ರೆ, ಅಲ್ಲಿಗೆ ಮುಗೀತು."

ಎರಡನೆಯ ತಪ್ಪು.

ಅಲ್ಲಿಂದ ನೇರ ಸ್ಟೇಷನ್ನಿಗೆ ಹೋಗಿ ಹಳೆಯ ಕಡತ ತೆರೆಸಿದಳು. ಅರ್ಧ ಗಂಟೆ ಹಿಡಿಯಿತು. ತಂಗಿಯ ಹೇಳಿಕೆ, ಮೂರನೆಯ ಪುಟ: 'ಯಂತ್ರದ ಎಡ ಡ್ರಾಯರ್ ಮುರಿದಿದ್ದು, ಬಿಸ್ಕತ್ತಿನ ಡಬ್ಬವನ್ನು ತಂತಿಯಿಂದ ಕಟ್ಟಿರುತ್ತದೆ.'

ಯಂತ್ರ ಹೋಗಿರಲಿಲ್ಲ. ಗೋಡೆಯಾಚೆ ಇತ್ತು. ಹಾಗಾದರೆ ಅದರ ಒಡತಿ?

ಚಿತ್ರಗಾರ್ತಿಯ ತಂದೆ ಗೋದಾಮಿನ ಉಸ್ತುವಾರಿ ನೋಡುತ್ತಿದ್ದವರು, ಗಟ್ಟಿ ಆಳು. ಸತ್ತು ಎಂಟು ವರ್ಷವಾಯಿತು. ಉಳಿದವರು ತಾಯಿ.

*

ಹಿತ್ತಿಲಿನಲ್ಲಿ ಒಗೆಯುವ ಕಲ್ಲು ಈಗಲೂ ಎಡಗಡೆಯೇ ಇತ್ತು.

ತಾಯಿ ಅಡುಗೆಮನೆಯಲ್ಲಿ ಡಬ್ಬಿ ತೊಳೆಯುತ್ತಿದ್ದರು. ಎಪ್ಪತ್ತನಾಲ್ಕರ ವಯಸ್ಸು, ಕಡ್ಡಿಯಂಥ ಮೈ. ಕಪಾಟಿನ ಕಾಗದದ ಅಂಚುಗಳನ್ನು ಕತ್ತರಿಯಲ್ಲಿ ಸಮಮಾಡಿತ್ತು. ನಲ್ಲಿಯಿಂದ ಹನಿ ಬೀಳದಂತೆ ಬಟ್ಟೆ ಸುತ್ತಿತ್ತು. ತೊಟ್ಟಿಕ್ಕಿದ ಒಂದು ಹನಿಯನ್ನೂ ಅವರು ಆಗಿಂದಾಗಲೇ ಒರೆಸುತ್ತಿದ್ದರು.

"ನೆಲದ ಮೇಲೆ ಒಂದು ಚೂರೂ ಬಿಟ್ಟಿರಲಿಲ್ಲ ನೀವು," ಎಂದಳು ಇನ್ಸ್‌ಪೆಕ್ಟರ್.

ತಾಯಿಯ ಕೈ ನಿಂತಿತು. ಒರೆಸುವ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ಇಟ್ಟರು.

"ಮಗಳಿಗೆ ಹಣ್ಣು ಹೆಚ್ಚಿಕೊಡೋಕೆ ಚಾಕು ಒಯ್ದಿದ್ದೆ," ಎಂದರು. "ಚೂರುಗಳು ಡಬ್ಬಿ ಮುಚ್ಚಳದಲ್ಲಿ ಹಿಡಿದ್ಕೊಂಡೆ. ಇನ್ನೊಬ್ಬರು ಗುಡಿಸೋ ಹಾಗೆ ಬಿಟ್ಟು ಬರೋಕೆ ಮನಸ್ಸಾಗ್ಲಿಲ್ಲ."

"ಆ ಮೆಷೀನ್ ನಿಮ್ಮ ಹಿತ್ತಿಲಿಗೆ ಹೇಗೆ ಬಂತು?"

"ಹೊತ್ಕೊಂಡು ಬಂದ್ವಿ."

"ಯಾರು? ನೀವು, ನಿಮ್ಮ ಯಜಮಾನರು?"

"ನಾನು, ಅವರು, ಇನ್ನೊಂದು ಕಡೆ ಅವಳು."

"ಯಾರವಳು?"

"ಹೊಲಿಗೆಯವಳು. ಮತ್ಯಾರು? ಅವಳ ಮೆಷೀನ್ ಅದು."

ಇನ್ಸ್‌ಪೆಕ್ಟರ್ ಅಲ್ಲೇ ಇದ್ದ ಸ್ಟೂಲಿನ ಮೇಲೆ ಕೂತಳು. ದಾರಿಯುದ್ದಕ್ಕೂ ಆಕೆ ಹಿತ್ತಿಲಿನ ಯಾವ ಮೂಲೆಯನ್ನು ಮೊದಲು ಅಗೆಸಬೇಕು ಎಂದು ಲೆಕ್ಕ ಹಾಕಿದ್ದಳು.

"ಬದುಕಿದ್ದಾರಾ?"

"ಬದುಕೋಕೇ ಹೋದೋಳು. ಸಾಯೋಕಾದ್ರೆ ಇಲ್ಲೇ ಇರಬಹುದಿತ್ತು."

ತಾಯಿಯ ದನಿ ಏರಲಿಲ್ಲ. "ನೀವು ಅವಳ ಮನೆ ಚಿತ್ರ ನೋಡಿದ್ರಲ್ಲ? ಬಾಗಿಲಿಗೆ ಬೀಗ, ಒಳಗಿಂದ ಕೈ. ನನ್ನ ಮಗಳು ಏನನ್ನೂ ಅಂಟಿಸಿಲ್ಲ. ಕಂಡದ್ದನ್ನ ಕಂಡ ಹಾಗೇ ಬರೆದಿದ್ದಾಳೆ. ಅವನು ಡ್ಯೂಟಿಗೆ ಹೋಗುವಾಗ ಮುಂದೆ ಒಂದು ಬೀಗ, ಹಿಂದೆ ಒಂದು ಬೀಗ. ಬಟ್ಟೆ ಕೊಡೋರು ಕಿಟಕಿಲಿ ಕೊಡಬೇಕು, ಕಿಟಕಿಲಿ ಇಸ್ಕೋಬೇಕು. ಆರು ವರ್ಷ. ಬಡಾವಣೆಯವರಿಗೆಲ್ಲಾ ಅಭ್ಯಾಸ ಆಗಿಹೋಗಿತ್ತು. ನಾವು ದೊಡ್ಡೋರಿಗೇ ವಿಚಿತ್ರ ಅನ್ಸದೇ ಇದ್ದ ಮೇಲೆ ಮಕ್ಕಳಿಗೇನು?"

"ಪೊಲೀಸರಿಗೆ ಬೀಗದ ವಿಷಯ ಅವರು ಹೇಳಲೇ ಇಲ್ಲ."

"ಹೇಗೆ ಹೇಳ್ತಾನೆ? ಎರಡೂ ಬೀಗ ಹಾಕಿದ ಹಾಗೇ ಇದ್ವು, ಒಳಗಿದ್ದ ಹೆಂಡತಿ ಇಲ್ಲ ಅಂದ್ರೆ, ಒಳಗೆ ಯಾಕೆ ಕೂಡಿಹಾಕಿದ್ದೆ ಅಂತ ನೀವು ಕೇಳೋದಿಲ್ವಾ? ಬಾಗಿಲು ತೆರೆದಿತ್ತು ಅಂದ. ನೀವು ಬರ್ಕೊಂಡ್ರಿ."

ನೀವು ಎಂದಾಗ ತಾಯಿ ಆಕೆಯ ಮುಖವನ್ನೇ ನೋಡಿದರು. ಮೂವತ್ತೆರಡು ವರ್ಷದ ಹಿಂದೆ ಈ ಮನೆಗಳ ಮುಂದೆ ನೋಟ್‌ಬುಕ್ ಹಿಡಿದು ನಿಂತಿದ್ದ ಎಳೆಯ ಪೇದೆಯನ್ನು ಅವರು ಮರೆತಿರಲಿಲ್ಲ.

ಇನ್ಸ್‌ಪೆಕ್ಟರ್ ಕಣ್ಣು ತಗ್ಗಿಸಿದಳು. "ಬೀಗ ಮುಟ್ಟದೆ ಹೇಗೆ ಆಚೆ ಕರ್ಕೊಂಡು ಬಂದ್ರಿ?"

"ಹಿಂದಿನ ಬಾಗಿಲಿನ ಕೀಲು ಹೊರಗಡೆ ಇತ್ತು. ನಮ್ಮವರು ಅದರ ಸ್ಕ್ರೂ ಬಿಚ್ಚಿದ್ರು. ಬಾಗಿಲನ್ನ ಬೀಗದ ಸಮೇತ ಪಕ್ಕಕ್ಕೆ ಸರಿಸಿ, ಅವಳು ಬಂದ ಮೇಲೆ ಮತ್ತೆ ಕೂರಿಸಿ ಬಿಗಿದ್ರು. ಅವಳು ಅವತ್ತೇ ಬಸ್ ಹತ್ತಿದಳು. ಮೆಷೀನ್ ಇಲ್ದೆ ಅನ್ನ ಇಲ್ಲ ಅಂದಳು, ಅದಕ್ಕೆ ನಾಲ್ಕು ದಿನ ಹಿತ್ತಿಲಲ್ಲಿ ಹೊದಿಕೆ ಹಾಕಿ ಇಟ್ಟಿದ್ದು, ಆಮೇಲೆ ಲಾರಿಗೆ ಹಾಕಿ ಕಳಿಸಿದ್ವಿ. ಆ ನಾಲ್ಕು ದಿನ ಮಗಳು ಹಲ್ಲುಜ್ಜುತ್ತಾ ಅದನ್ನ ನೋಡಿದ್ದಾಳೆ. ಮಗು ಮರೀತು ಅಂತ ನಾವಂದುಕೊಂಡ್ವಿ."

"ಮಗಳಿಗೆ ಇಷ್ಟು ವರ್ಷದಲ್ಲಿ ಒಂದು ಮಾತು ಹೇಳಬಹುದಿತ್ತಲ್ಲ?"

"ಅವಳಿಗೆ ಅವನು ದೇವರಂಥ ಅಂಕಲ್. ಅವಳ ಹೊಟ್ಟೇಲಿ ಮಾತು ನಿಲ್ಲಲ್ಲ. ಹೊಲಿಗೆಯವಳು ತನ್ನ ಸ್ವಂತ ತಂಗಿಗೂ ಹೇಳಿಲ್ಲ. ಅವನು ಮೊದಲು ಹುಡುಕಿಕೊಂಡು ಹೋಗೋದು ತಂಗಿ ಮನೆಗೇ ಅಂತ ಗೊತ್ತಿತ್ತು ಅವಳಿಗೆ. ಹೋದ್ನಲ್ಲ, ಹದಿನೇಳು ಸಲ!" ತಾಯಿ ಉಸಿರೆಳೆದುಕೊಂಡರು. "ಪ್ರದರ್ಶನಕ್ಕೆ ಮೊದಲ ದಿನ ಹೋಗಿ ಹಿತ್ತಿಲಿನ ಚಿತ್ರ ನೋಡಿ ನನ್ನ ಕೈಕಾಲು ತಣ್ಣಗಾಯ್ತು. ಅವನು ದಿನಾ ಬರ್ತಾನೆ. ಇವತ್ತಲ್ಲ ನಾಳೆ ಕುರ್ಚಿ ಸರಿಸ್ತಾನೆ. ಹೇಗೆ ತಪ್ಪಿಸಿಕೊಂಡಳು ಅನ್ನೋದು ಇಷ್ಟು ವರ್ಷ ಅವನಿಗೆ ಬಗೆಹರಿದಿಲ್ಲ. ಆ ಮೆಷೀನ್ ನಮ್ಮ ಹಿತ್ತಿಲಲ್ಲಿ ಕಂಡರೆ ಎಲ್ಲಾ ಬಗೆಹರಿಯುತ್ತೆ."

ಇನ್ಸ್‌ಪೆಕ್ಟರ್ ಜೇಬಿನ ಫೋನನ್ನು ಮುಟ್ಟಿಕೊಂಡಳು.

ತಾಯಿ ಆಕೆಯನ್ನು ದಿಟ್ಟಿಸಿದರು. "ನಾನು ಹೆರೆದುಹಾಕಿದ್ದು ನಿಮಗೆ ಹೇಗೆ ಗೊತ್ತಾಯ್ತು, ಮೆಷೀನ್ ಅಂತ?"

"ಫ್ರೇಮಿನವನ ಹತ್ರ ಫೋಟೋ ಇತ್ತು."

"ಅದನ್ನ ಅವಳ ಗಂಡನಿಗೆ ತೋರಿಸಿದ್ರಾ?"

ನಲ್ಲಿಯ ಬಟ್ಟೆ ನೆನೆದು ಒಂದು ಹನಿ ಕೆಳಗೆ ಬಿತ್ತು. ಈ ಸಲ ಯಾರೂ ಒರೆಸಲಿಲ್ಲ.

"ತೋರಿಸಿದೆ," ಎಂದಳು ಇನ್ಸ್‌ಪೆಕ್ಟರ್. "ಯಾರ ಹಿತ್ತಿಲು ಅಂತ ಅವರೇ ಹೇಳಿದ್ದು."

ತಾಯಿ ಕಟ್ಟೆಯನ್ನು ಹಿಡಿದುಕೊಂಡರು. "ನೀಲಿ ಬಾಗಿಲಿನ ಚಿತ್ರ," ಎಂದರು. "ಆ ಕಡೆ ಗೋಡೇಲಿದೆ. ಅದನ್ನೂ ಹೆರೆಯೋಣ ಅಂತ ಹೋದೆ, ಅಷ್ಟರಲ್ಲಿ ಕರೆಂಟು ಬಂತು. ಅದು ಈ ಬಡಾವಣೆ ಮನೆ ಅಲ್ಲ. ಮಗಳಿಗೆ ಹತ್ತು ವರ್ಷ ಇದ್ದಾಗ ಒಂದೇ ಒಂದು ಸಲ ಹೊಲಿಗೆಯವಳ ಹೊಸ ಮನೆಗೆ ಕರ್ಕೊಂಡು ಹೋಗಿದ್ದೆ. ಪರಿಚಯದೋರ ಮನೆ ಅಂತ ಹೇಳಿ. ಅವಳು ಹುಷಾರಿಲ್ಲದೆ ಒಳಕೋಣೇಲಿ ಮಲಗಿದ್ದಳು, ಮಗಳು ಅವಳ ಮುಖಾನೂ ನೋಡ್ಲಿಲ್ಲ. ಆದ್ರೆ ಬಾಗಿಲು ನೋಡಿದ್ದಾಳೆ. ಮೇಡಂ, ಅವಳು ಈಗ್ಲೂ ಅದೇ ಮನೇಲಿದ್ದಾಳೆ."

ಇನ್ಸ್‌ಪೆಕ್ಟರ್ ಆಗಲೇ ಚಿತ್ರಗಾರ್ತಿಗೆ ಫೋನು ಮಾಡಿದ್ದಳು.

"ಹೇಳಿ ಮೇಡಂ."

"ಲಿಫ್ಟ್ ಅಂಕಲ್ ಎಲ್ಲಿ?"

"ಹೋದ್ರಲ್ಲ. ನೀವು ಹೋದ ಮೇಲೆ ಎದ್ದು ಎಲ್ಲಾ ಚಿತ್ರ ಒಂದೊಂದಾಗಿ ನೋಡಿದ್ರು ಪಾಪ. ನೀಲಿ ಬಾಗಿಲಿನ ಮುಂದೆ ನಿಂತು, ಇಂಥ ಮನೆ ನಮ್ಮ ಬಡಾವಣೇಲಿ ಇರ್ಲಿಲ್ವಲ್ಲಮ್ಮ ಅಂದ್ರು. ಅಮ್ಮನ ಜೊತೆ ಒಂದ್ಸಲ ಹೋಗಿದ್ದೆ ಅಂದೆ. ಮಾತಾಡ್ತಾ ಮಾತಾಡ್ತಾ ನನಗೇ ಆಶ್ಚರ್ಯ ಮೇಡಂ, ಒಂದೊಂದೇ ನೆನಪಾಯ್ತು. ಬಸ್ಸಿನ ಕೊನೇ ಸ್ಟಾಪು, ನೀರಿನ ಟ್ಯಾಂಕು, ಎಡಕ್ಕೆ ಮೂರನೇದು. ಎಲ್ಲಾ ಹೇಳಿದೆ. ತುಂಬಾ ಖುಷಿಪಟ್ರು."

"ಹೋಗಿ ಎಷ್ಟು ಹೊತ್ತಾಯ್ತು?"

"ಒಂದು ಗಂಟೆ ಮೇಲಾಯ್ತು. ಯಾಕೆ ಮೇಡಂ? ಏನಾಯ್ತು? ಮೇಡಂ?"

*

ಜೀಪು ದೊಡ್ಡ ರಸ್ತೆಗೆ ಬಿದ್ದಾಗ ಮಧ್ಯಾಹ್ನ ಎರಡೂವರೆ. ಹತ್ತಿರದ ಠಾಣೆಗೆ ಇನ್ಸ್‌ಪೆಕ್ಟರ್ ಆಗಲೇ ಹೇಳಿದ್ದಳು. ಅವರ ವಾಹನ ಬೇರೆಲ್ಲೋ ಹೋಗಿದೆ, ಇಪ್ಪತ್ತು ನಿಮಿಷ ಬೇಕು ಎಂದಿದ್ದರು. ಹಿಂದಿನ ಸೀಟಿನಲ್ಲಿ ತಾಯಿ ಸಣ್ಣ ಡೈರಿಯ ಕೊನೆಯ ಹಾಳೆ ತೆರೆದು, ಒಂದು ನಂಬರು ಒತ್ತಿದರು. ವರ್ಷಕ್ಕೊಮ್ಮೆ ಮಾತ್ರ ಒತ್ತುವ ನಂಬರು.

"ಎಲ್ಲರಿಗೂ ಕೇಳೋ ಹಾಗೆ ಹಾಕಿ," ಎಂದಳು ಇನ್ಸ್‌ಪೆಕ್ಟರ್.

ಗಂಟೆ ಬಾರಿಸುತ್ತಲೇ ಇತ್ತು. ನಾಲ್ಕು ಸಲ. ಐದು. ಆರನೆಯದಕ್ಕೆ ಯಾರೋ ಎತ್ತಿದರು.

"ಹಲೋ." ವಯಸ್ಸಾದ, ಸಮಾಧಾನದ ಹೆಣ್ಣುದನಿ. ಮೂವತ್ತೆರಡು ವರ್ಷ ಕಡತದಲ್ಲಿ ಒಂದು ಹೆಸರಾಗಿ ಮಾತ್ರ ಇದ್ದ ಹೆಂಗಸು ಮಾತಾಡುತ್ತಿದ್ದಳು.

"ನಾನು ಕಣೇ!" ತಾಯಿ ಫೋನಿಗೆ ಬಾಯಿ ಹಚ್ಚಿ ಕೂಗಿದರು. "ಬಾಗಿಲು ತೆಗೀಬೇಡ. ಯಾರು ಬಂದ್ರೂ ತೆಗೀಬೇಡ. ಅವನಿಗೆ ಗೊತ್ತಾಗೋಯ್ತು. ಅಲ್ಲಿಗೇ ಬರ್ತಿದ್ದಾನೆ. ಪೊಲೀಸಿನೋರು ಜೊತೆಗಿದ್ದಾರೆ, ನಾವೂ ಬರ್ತಿದ್ದೀವಿ."

"ಪೊಲೀಸಿನೋರನ್ನ ಯಾಕೆ ಕರ್ಕೊಂಡ್ರಿ ಅಕ್ಕಾ?" ಎಂದಳು ಹೊಲಿಗೆ ಅಕ್ಕ. ದನಿಯಲ್ಲಿ ಗಾಬರಿ ಇರಲಿಲ್ಲ. ಸಣ್ಣದೊಂದು ಬೇಸರವಿತ್ತು, ಕೆಲಸದ ನಡುವೆ ಯಾರೋ ಅಡ್ಡ ಬಂದಂತೆ.

ಅಷ್ಟರಲ್ಲಿ ಅಲ್ಲಿ ಕರೆಗಂಟೆ ಬಾರಿಸಿತು.

"ತೆಗೀಬೇಡ ಅಂತ ಹೇಳ್ತಿದ್ದೀನಲ್ಲೇ!"

"ಒಂದ್ನಿಮಿಷ ಇರಿ."

ರಿಸೀವರನ್ನು ಮೇಜಿನ ಮೇಲಿಟ್ಟ ಸದ್ದು. ದೂರ ಸರಿದ ಹೆಜ್ಜೆಗಳು. ಕರ್ರ್ ಎಂದು ತೆರೆದ ಬಾಗಿಲು. ತಾಯಿ ಕಣ್ಣು ಮುಚ್ಚಿಕೊಂಡರು. ಚೀರಾಟ ಕೇಳೀತೆಂದು ಇನ್ಸ್‌ಪೆಕ್ಟರ್ ಫೋನಿನತ್ತ ಬಾಗಿದಳು.

ಕೇಳಿದ್ದು ಅದೇ ಸಮಾಧಾನದ ದನಿ, ದೂರದಿಂದ, ಆದರೆ ಸ್ಪಷ್ಟವಾಗಿ:

"ಬಂದ್ರಾ? ಬನ್ನಿ, ಒಳಗೆ ಬನ್ನಿ. ಪೇಪರಲ್ಲಿ ಚಿತ್ರ ಬಂದ ದಿನದಿಂದ ಕಾಯ್ತಾ ಇದ್ದೀನಿ. ಆ ಹುಡುಗಿ ನನ್ನ ಬಾಗಿಲನ್ನೂ ಬರೆದಿರ್ತಾಳೆ ಅಂತ ಗೊತ್ತಿತ್ತು. ನೀವು ಇಷ್ಟು ತಡ ಮಾಡ್ತೀರ ಅಂದ್ಕೊಂಡಿರ್ಲಿಲ್ಲ."

ಹೆಜ್ಜೆಗಳು ಫೋನಿನ ಕಡೆ ಹಿಂತಿರುಗಿ ಬಂದವು. ಯಾರೋ ರಿಸೀವರ್ ಎತ್ತಿದರು, ಏನೂ ಹೇಳದೆ ಮೆತ್ತಗೆ ಕೆಳಗಿಟ್ಟರು.

"ಇನ್ನೂ ಜೋರಾಗಿ ಓಡಿಸಪ್ಪಾ," ಎಂದಳು ಇನ್ಸ್‌ಪೆಕ್ಟರ್ ಚಾಲಕನಿಗೆ. ಆ ನೀಲಿ ಬಾಗಿಲಿನ ಮನೆಯಲ್ಲಿ ತಾನು ಕಾಪಾಡಬೇಕಾದದ್ದು ಯಾರನ್ನು ಎಂಬುದು ಆಕೆಗೆ ಈಗ ಗೊತ್ತಿರಲಿಲ್ಲ.